ಕಿಟಕಿಗೆ ಇಷ್ಟು ಅಂತ ಕೂಲಿ ಕೊಟ್ಟರೆ, ಸಜ್ಜಾ ಮೇಲೆ ಇಳಿಯೋದು ಯಾರು?

ಹೋದ ವಾರ ಒಬ್ಬ ಕೇಳುಗರು ವಾಯ್ಸ್ ನೋಟ್ ಕಳಿಸಿದ್ರು. ಸರ್ಜಾಪುರ ರಸ್ತೆ ಕಡೆ ಇಬ್ಬರು ಸ್ನೇಹಿತರು ಸೇರಿ ಕಿಟಕಿ ಕ್ಲೀನಿಂಗ್ ಕೆಲಸ ಶುರು ಮಾಡಿದ್ದಾರೆ. ನಾಲ್ಕು ಜನ ಹುಡುಗ್ರು, ಒಂದು ಗೂಡ್ಸ್ ಆಟೋ, ಎರಡು ಏಣಿ. ಅವರ ಪ್ರಶ್ನೆ ಇಷ್ಟೇ: "ಬ್ರೋ, ಹುಡುಗ್ರಿಗೆ ಕಿಟಕಿ ಲೆಕ್ಕದಲ್ಲಿ ದುಡ್ಡು ಕೊಡೋದಾ, ದಿನಗೂಲಿ ಕೊಡೋದಾ?"

ಕೇಳೋಕೆ ಸಣ್ಣ ಪ್ರಶ್ನೆ. ಆದರೆ ಈ ವ್ಯವಹಾರ ಉಳಿಯುತ್ತಾ ಮುಳುಗುತ್ತಾ ಅನ್ನೋದು ಇಲ್ಲೇ ತೀರ್ಮಾನ ಆಗೋದು. ಒಬ್ಬ ಹುಡುಗ ಸಂಜೆ ಮನೆಗೆ ಹೋಗ್ತಾನಾ, ಆಸ್ಪತ್ರೆಗೆ ಹೋಗ್ತಾನಾ ಅನ್ನೋದೂ ಇಲ್ಲೇ. ನಮ್ಮ ಭಾವನದ್ದು ಇದೇ ಕೆಲಸ, ಬೆಂಗಳೂರಲ್ಲೇ. ಅವರ ಲೆಕ್ಕಪತ್ರ ನಾನೇ ನೋಡ್ಕೊಳ್ಳೋದು. ಹಾಗಾಗಿ ಇವತ್ತು ಪುಸ್ತಕದ ಮಾತು ಕಮ್ಮಿ, ಲೆಡ್ಜರ್ ಮಾತು ಜಾಸ್ತಿ.

ಮೊದಲು ಕಿಟಕಿ ಲೆಕ್ಕ. ಕಿಟಕಿಗೆ ಇಷ್ಟು ಅಂತ ಕೊಟ್ರೆ ಹುಡುಗ್ರು ಬೇಗ ಬೇಗ ಮಾಡ್ತಾರೆ, ಮಾಲೀಕ ಪಕ್ಕದಲ್ಲೇ ನಿಂತಿರಬೇಕಾಗಿಲ್ಲ. ಅದಕ್ಕೇ ಹೊಸಬರಿಗೆಲ್ಲ ಇದೇ ಇಷ್ಟ ಆಗೋದು. ಆದರೆ ಕಿಟಕಿ ಅಂದ್ರೆ ಎಲ್ಲ ಒಂದೇ ಅಲ್ಲ. ಹಾಲ್‌ನ ದೊಡ್ಡ ಸ್ಲೈಡಿಂಗ್ ಬಾಗಿಲೂ ಒಂದು, ಬಾತ್‌ರೂಮಿನ ವೆಂಟಿಲೇಟರೂ ಒಂದು. ಸ್ಲೈಡಿಂಗ್ ಕಿಟಕಿ ಆದ್ರೆ ಸೊಳ್ಳೆ ಜಾಲರಿ ಬಿಚ್ಚಿ ತೊಳೀಬೇಕು, ಟ್ರ್ಯಾಕ್ ಒಳಗಿನ ಮಣ್ಣು ಬ್ರಷ್ ಹಾಕಿ ತೆಗೀಬೇಕು, ಗ್ರಿಲ್ ಸಂದಿ ಒರೆಸಬೇಕು. ಮನೆ ಒಳಗೆ ಕಾಲಿಟ್ಟ ತಕ್ಷಣ ಯಾರಿಗೆ ಯಾವ ಕಿಟಕಿ ಅಂತ ಜಗಳ ಶುರು. ಕೊನೆಗೆ ಟ್ರ್ಯಾಕ್ ತೊಳೆಯೋಕೆ ಯಾರೂ ಇರಲ್ಲ, ಯಾಕಂದ್ರೆ ಟ್ರ್ಯಾಕಿಗೆ ದುಡ್ಡಿಲ್ಲ.

ಇನ್ನೊಂದು ವಿಷಯ ಇದೆ, ಇದು ಹೊರಗಿನವರಿಗೆ ಕಾಣಲ್ಲ. ಬೆಳಿಗ್ಗೆ ಎಂಟಕ್ಕೆ ಗೋಡೌನಿಂದ ಹೊರಟ ಹುಡುಗ ಮೊದಲ ಕಿಟಕಿ ಮುಟ್ಟೋದು ಎಷ್ಟೊತ್ತಿಗೆ? ಸಿಲ್ಕ್ ಬೋರ್ಡ್ ದಾಟಬೇಕು. ಅಪಾರ್ಟ್‌ಮೆಂಟ್ ಗೇಟಲ್ಲಿ ಸೆಕ್ಯೂರಿಟಿ ಆ್ಯಪಲ್ಲಿ ಎಂಟ್ರಿ ಹಾಕಬೇಕು, ಮನೆಯವರು ಅಪ್ರೂವ್ ಮಾಡಬೇಕು. ಅವರು ಮೀಟಿಂಗಲ್ಲಿ ಇರ್ತಾರೆ. ಆಮೇಲೆ ಸರ್ವೀಸ್ ಲಿಫ್ಟ್‌ಗೆ ಕಾಯಬೇಕು. ಕಿಟಕಿ ಲೆಕ್ಕದಲ್ಲಿ ಈ ಹೊತ್ತಿಗೆಲ್ಲ ಕೂಲಿ ಸೊನ್ನೆ. ಟ್ರಾಫಿಕ್ ನಷ್ಟ, ಗೇಟಿನ ನಷ್ಟ, ಲಿಫ್ಟಿನ ನಷ್ಟ ಎಲ್ಲ ಹುಡುಗನ ಜೇಬಿಂದ. ಅದನ್ನ ಅವನು ಎಲ್ಲಿ ತುಂಬಿಕೊಳ್ತಾನೆ? ಕಿಟಕಿ ಹತ್ರ ನಿಂತಾಗ. ಬೆಲ್ಟ್ ಹಾಕಿ ಹುಕ್ ಸಿಕ್ಕಿಸೋಕೆ ಮೂರು ನಿಮಿಷ ಬೇಕು. ಆ ಮೂರು ನಿಮಿಷಕ್ಕೂ ದುಡ್ಡಿಲ್ಲ.

ಈಗ ಶೀರ್ಷಿಕೆಯಲ್ಲಿರೋ ಸಜ್ಜಾ ವಿಷಯಕ್ಕೆ ಬರ್ತೀನಿ. ಕಿಟಕಿ ಮೇಲೆ ಮಳೆ ನೀರು ಬೀಳದ ಹಾಗೆ ಕಾಂಕ್ರೀಟ್ ಚಾಚಿರುತ್ತಲ್ಲ, ಅದು. ನಿಮ್ಮ ಕೆಳಗಿನ ಮನೆ ಸಜ್ಜಾ ನಿಮ್ಮ ಕಿಟಕಿ ಕೆಳಗೆ ಸಿಗುತ್ತೆ. ಎರಡೂವರೆ ಅಡಿ ಅಗಲ ಇದ್ರೆ ಹೆಚ್ಚು. ಸುಮಾರು ಮನೆಗಳಲ್ಲಿ ಕೇಳಿ ಬರೋ ಮಾತು ಒಂದೇ: "ಎರಡೇ ನಿಮಿಷ ಅಲ್ವಾ, ಸಜ್ಜಾ ಮೇಲೆ ಇಳಿದು ಹೊರಗಿಂದ ಒರೆಸಿಬಿಡಪ್ಪ." ಐದನೇ ಮಹಡಿಯಲ್ಲಿ ಈ ಮಾತು. ಹೇಳೋರು ಕೆಟ್ಟವರಲ್ಲ, ಕಾಫಿನೂ ಕೊಡ್ತಾರೆ. ಎತ್ತರ ಅಂದ್ರೆ ಏನು ಅಂತ ಅವರು ಯೋಚನೆ ಮಾಡಿರಲ್ಲ, ಅಷ್ಟೇ.

ಭಾವನ ತಂಡದಲ್ಲಿ ರಾಯಚೂರು ಕಡೆ ಹುಡುಗ ಒಬ್ಬ ಇದ್ದಾನೆ. ಇಂಥ ಒಂದು ಮನೆಯಲ್ಲಿ ಅವನು "ನಾ ಹೊರಗ ಇಳಿಯಂಗಿಲ್ರೀ" ಅಂದ. ಮನೆಯವರು ಎರಡು ಕಿಟಕಿ ದುಡ್ಡು ಹಿಡಿದ್ರು. ಈಗ ಹೇಳಿ, ಆ ದುಡ್ಡು ಯಾರದ್ದು ಹೋಗಬೇಕು? ಕಿಟಕಿ ಲೆಕ್ಕ ಆಗಿದ್ರೆ ಅವನದ್ದು. ಮುಂದಿನ ಸಲ ಅವನು ಇಳೀತಾನೆ. ದಿನಗೂಲಿ ಆಗಿದ್ದರಿಂದ ಭಾವನದ್ದು ಹೋಯ್ತು, ಅವನ ಸಂಜೆ ಕೂಲಿ ಅಷ್ಟೇ ಇತ್ತು. ಕೂಲಿ ಕೊಡೋ ರೀತಿ ನೋಡುವಾಗ ನಾನು ಮೊದಲು ಕೇಳೋದು ಇದನ್ನೇ: ಹುಡುಗ "ಇಲ್ಲ" ಅಂದ್ರೆ ಅವನಿಗೆ ಎಷ್ಟು ಖರ್ಚು ಬೀಳುತ್ತೆ? ಸೊನ್ನೆ ಇರಬೇಕು. ಎತ್ತರದ ಗಾಜಿಗೆ ಉದ್ದ ಕೋಲು ಇದೆ. ಶುದ್ಧೀಕರಿಸಿದ ನೀರು ಪೈಪಲ್ಲಿ ಹತ್ತೋ ಕೋಲಾದ್ರೆ ನೆಲದಿಂದಲೇ ಮೂರು ಮಹಡಿವರೆಗೆ ತೊಳೀಬಹುದು. (ಬೋರ್‌ವೆಲ್ ನೀರು ಹಾಕಿದ್ರೆ ಅದರಲ್ಲಿರೋ ಸುಣ್ಣದಂಶ ಒಣಗಿ ಬಿಳಿ ಚುಕ್ಕೆ ಕೂರುತ್ತೆ. ವೈಟ್‌ಫೀಲ್ಡ್ ಕಡೆಯವರಿಗೆ ಇದನ್ನ ಹೇಳಬೇಕಾಗೇ ಇಲ್ಲ.) ಅದಕ್ಕಿಂತ ಮೇಲಿಂದು ಹಗ್ಗದಲ್ಲಿ ಇಳಿಯೋ ತರಬೇತಿ ಇರೋರ ಕೆಲಸ, ನಾಲ್ಕು ಹುಡುಗರ ತಂಡದ್ದಲ್ಲ. ಅಂಥ ಕೆಲಸ ಬಂದ್ರೆ ಬಿಡಿ.

"ಹಾಗಾದ್ರೆ ಬರೀ ದಿನಗೂಲಿ ಕೊಟ್ರೆ ಮಧ್ಯಾಹ್ನದವರೆಗೆ ನಾಲ್ಕೇ ಕಿಟಕಿ ಮಾಡ್ತಾರಲ್ಲ ಬ್ರೋ?" ಮಾಡ್ತಾರೆ. ಮಾಡದೇ ಇರೋಕೆ ಏನು ಕಾರಣ ಇದೆ? ಅದಕ್ಕೇ ಭಾವ ದಿನಗೂಲಿ ಮೇಲೆ ತಂಡಕ್ಕೆ ಒಂದು ಬೋನಸ್ ಇಟ್ಟಿದ್ದಾರೆ. ಗಮನಿಸಿ, ಒಬ್ಬೊಬ್ಬನಿಗಲ್ಲ, ತಂಡಕ್ಕೆ. ಅಂದುಕೊಂಡ ಹೊತ್ತಿಗೆ ಕೆಲಸ ಮುಗಿದು, ಮೂರು ದಿನದೊಳಗೆ "ಕಲೆ ಹಾಗೇ ಇದೆ, ಮತ್ತೆ ಬನ್ನಿ" ಅಂತ ಫೋನ್ ಬರದಿದ್ರೆ ಆ ಕೆಲಸದ ಬಿಲ್ಲಲ್ಲಿ ಶೇ 5 ತಂಡಕ್ಕೆ, ಸಮಪಾಲು. ಹೀಗೆ ಮಾಡಿದ ಮೇಲೆ ಟ್ರ್ಯಾಕ್ ತೊಳೆಯೋದು ಯಾರು ಅನ್ನೋ ಜಗಳ ನಿಂತು ಹೋಯ್ತು. ಮೇಸ್ತ್ರಿಗೆ ದಿನಕ್ಕೆ ನೂರು ರೂಪಾಯಿ ಜಾಸ್ತಿ, ಯಾಕಂದ್ರೆ ಮನೆಯವರ ಹತ್ರ ಮಾತಾಡೋದು, ಸಾಮಾನು ಎಣಿಸೋದು, ಕೊನೆಗೆ ಪ್ರತಿ ಗಾಜಿಗೂ ಓರೆಯಾಗಿ ಟಾರ್ಚ್ ಹಿಡಿದು ಗೆರೆ ಉಳಿದಿದೆಯಾ ನೋಡೋದು ಅವನೇ.

ತಂಡ ಎಷ್ಟು ಜನರದ್ದು? ಇಬ್ಬಿಬ್ಬರ ಜೋಡಿ. ಏಣಿ ಹತ್ತಿದವನ ಕೆಳಗೆ ಏಣಿ ಹಿಡಿಯೋಕೆ ಒಬ್ಬ ಇರಲೇಬೇಕು. ಹಾಗಾಗಿ ಒಬ್ಬನನ್ನೇ ಕಳಿಸೋ ಮಾತಿಲ್ಲ. ಮೂರು ಜನ ಹೋದ್ರೆ ಒಬ್ಬ ಬಕೆಟ್ ಕಾಯ್ತಾ ಕೂರ್ತಾನೆ. ದೊಡ್ಡ ಮನೆಗೆ ಎರಡು ಜೋಡಿ ಕಳಿಸಿ.

ಈಗ ನನ್ನ ಇಷ್ಟದ ಭಾಗ, ಲೆಕ್ಕ. ಪೆನ್ನು ತಗೊಳ್ಳಿ. ದಿನಗೂಲಿ 800 ಅಂತ ಹಿಡಿಯೋಣ. ಎಂಟು ಗಂಟೆ ಕೆಲಸ, ಗಂಟೆಗೆ 100. ಹೊಸಬರು ಇಷ್ಟಕ್ಕೇ ನಿಲ್ಲಿಸಿಬಿಡ್ತಾರೆ. ಆದರೆ ಆ ಎಂಟು ಗಂಟೇಲಿ ಗಾಜಿನ ಮೇಲೆ ಕೈ ಇರೋದು ಐದೇ ಗಂಟೆ. ಉಳಿದಿದ್ದು ರೋಡು, ಗೇಟು, ಲಿಫ್ಟು, ಸಾಮಾನು ಏರಿಸಿ ಇಳಿಸೋದು. ಇನ್ನು ತಿಂಡಿ, ಟೀ, ಓಡಾಟ ಸೇರಿ ತಲೆಗೆ 100. ಬೋನಸ್ಸು, ವಿಮೆ, ಬಟ್ಟೆ, ಸೋಪು ಸೇರಿ ಇನ್ನೊಂದು 100. ಒಟ್ಟು 1,000. ಇದನ್ನ ಎಂಟರಿಂದಲ್ಲ, ಐದರಿಂದ ಭಾಗಿಸಿ. ಗಾಜಿನ ಮೇಲಿನ ಒಂದು ಗಂಟೆ ನಿಮಗೆ ಬೀಳೋದು 200 ರೂಪಾಯಿ.

ಈಗ ಹನ್ನೆರಡು ಕಿಟಕಿ ಇರೋ ಒಂದು ಮನೆ. ಜಾಲರಿ, ಟ್ರ್ಯಾಕ್ ಎಲ್ಲ ಸೇರಿ ಕಿಟಕಿಗೆ 20 ನಿಮಿಷ, ಒಟ್ಟು ನಾಲ್ಕು ಗಂಟೆ. ಕಿಟಕಿಗೆ 60 ರೂಪಾಯಿ ಅಂತ ಕೋಟ್ ಮಾಡಿದ್ರಿ, 720 ಬಂತು. ಗಂಟೆಗೆ 100 ಅಂದುಕೊಂಡವನಿಗೆ 320 ಲಾಭ ಕಾಣ್ಸುತ್ತೆ. ನಿಜವಾದ ಖರ್ಚು 800. ಅಂದ್ರೆ 80 ರೂಪಾಯಿ ಕೈಯಿಂದ ಹಾಕಿ ಬೇರೆಯವರ ಮನೆ ಕಿಟಕಿ ತೊಳೆದು ಬಂದಿದ್ದೀರಿ! ಗೋಡೌನ್ ಬಾಡಿಗೆ, ಆಟೋ ಇಎಂಐ ಇನ್ನೂ ಸೇರಿಸೇ ಇಲ್ಲ. ದಸರಾಯಿಂದ ದೀಪಾವಳಿವರೆಗೆ ಒಂದು ದಿನವೂ ಬಿಡುವಿಲ್ಲದೆ ದುಡಿದೂ ಕೈಯಲ್ಲಿ ಏನೂ ಉಳಿಯಲ್ಲ ಅನ್ನೋರ ಕಥೆ ಸಾಮಾನ್ಯವಾಗಿ ಇದೇ. ಆಗ ಅವರು ಕೈ ಹಾಕೋದು ಎಲ್ಲಿಗೆ? ಹುಡುಗರ ಕೂಲಿಗೆ. ಅದಕ್ಕೇ ನಾನು ಹೇಳೋದು, ಗ್ರಾಹಕರಿಗೆ ಬೇಕಾದ್ರೆ ಕಿಟಕಿ ಲೆಕ್ಕದಲ್ಲಿ ರೇಟ್ ಹೇಳಿ, ಆದರೆ ನಿಮ್ಮ ಪುಸ್ತಕದಲ್ಲಿ ಗಂಟೆ ಲೆಕ್ಕ ಇಡಿ.

ಇನ್ನು ಕಾನೂನು, ಚಿಕ್ಕದಾಗಿ. ಕಿಟಕಿ ಲೆಕ್ಕದಲ್ಲೇ ಕೊಟ್ರೂ ದಿನದ ಕನಿಷ್ಠ ವೇತನಕ್ಕಿಂತ ಕಡಿಮೆ ಕೈಗೆ ಬರೋ ಹಾಗಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರೋ ವೇತನ ಸಂಹಿತೆ ಪ್ರಕಾರ ದಿನಗೂಲಿ ಆದ್ರೆ ಆ ಪಾಳಿ ಮುಗಿದಾಗ, ವಾರದ ಕೂಲಿ ಆದ್ರೆ ವಾರದ ಕೊನೇ ಕೆಲಸದ ದಿನ, ತಿಂಗಳ ಸಂಬಳ ಆದ್ರೆ ಮುಂದಿನ ತಿಂಗಳು 7ರೊಳಗೆ ಕೊಡಬೇಕು. ಕೆಲಸ ಬಿಟ್ಟು ಹೋದವನಿಗೆ ಎರಡು ಕೆಲಸದ ದಿನದೊಳಗೆ. ಈ ಕೊನೆಯದನ್ನ ಇನ್ನೊಂದು ಸಲ ಕೇಳಿಸ್ಕೊಳ್ಳಿ. ನಮ್ಮಲ್ಲಿ ಹುಡುಗ ಓಡಿ ಹೋಗಬಾರದು ಅಂತ ಹತ್ತು ದಿನದ ಕೂಲಿ ಹಿಡಿದಿಟ್ಟುಕೊಳ್ಳೋ ಅಭ್ಯಾಸ ಇದೆ. ಅದನ್ನ ಜಾಣತನ ಅಂತ ಹೇಳಿಕೊಡೋರೂ ಇದ್ದಾರೆ. ಅದು ಅವನ ದುಡ್ಡು ಸ್ವಾಮಿ. ಹಿಡಿದಿಟ್ಟರೆ ಅವನು ಉಳೀತಾನೆ ನಿಜ, ಆದರೆ ಮನಸ್ಸಿಟ್ಟು ಕೆಲಸ ಮಾಡಲ್ಲ, ಬೇರೆ ಹುಡುಗರನ್ನೂ ಕರ್ಕೊಂಡು ಬರಲ್ಲ. ಈ ಕೆಲಸದಲ್ಲಿ ಹೊಸ ಹುಡುಗ್ರು ಬರೋದು ಜಾಹೀರಾತಿಂದ ಅಲ್ಲ, ಊರಿನವರ ಫೋನಿಂದ.

ವಿಮೆ ಬಗ್ಗೆ. ಹತ್ತು ಜನ ಆದ ತಕ್ಷಣ ಇಎಸ್‌ಐ ಮಾಡಿಸಬೇಕು, ತಿಂಗಳಿಗೆ 21,000ವರೆಗೆ ಸಂಬಳ ಇರೋರಿಗೆ. ಮಾಲೀಕನ ಪಾಲು ಶೇ 3.25, ಕೆಲಸಗಾರನದು ಶೇ 0.75. 800 ರೂಪಾಯಿ ಕೂಲಿಗೆ ಲೆಕ್ಕ ಹಾಕಿ, ನಿಮಗೆ 26 ರೂಪಾಯಿ, ಅವನಿಗೆ 6 ರೂಪಾಯಿ. ಒಂದು ಟೀ-ಬನ್ ಖರ್ಚು. ನಾಲ್ಕೇ ಜನ ಇದ್ರೆ? ಕೆಲಸದಲ್ಲಿ ಬಿದ್ದು ಏಟಾದ್ರೆ ಪರಿಹಾರ ಮಾಲೀಕನ ಹೊಣೆ ಅನ್ನೋದು 1923ರ ಕಾಯ್ದೆ ಕಾಲದಿಂದ ಇದೆ. ಅದಕ್ಕೆ ಅಂತಲೇ ವಿಮಾ ಪಾಲಿಸಿ ಸಿಗುತ್ತೆ, ಏಣಿ ಕೊಳ್ಳೋ ದಿನವೇ ಅದನ್ನೂ ಕೊಳ್ಳಿ. ಗಾಜು ಒಡೆದ್ರೆ, ಬ್ಲೇಡಿಂದ ಗೀರು ಬಿದ್ರೆ ಹುಡುಗನ ಕೂಲಿಯಲ್ಲಿ ಮುರ್ಕೊಳ್ಳೋಕೆ ಹೋಗಬೇಡಿ. ಅವನ ಮಾತು ಕೇಳದೆ ಮುರ್ಕೊಳ್ಳೋ ಹಾಗೂ ಇಲ್ಲ. ಪ್ರತಿ ಬಿಲ್ಲಿಂದ ಸ್ವಲ್ಪ ಸ್ವಲ್ಪ ಬೇರೆ ಎತ್ತಿಟ್ಟರೆ ವರ್ಷಕ್ಕೆ ಒಂದೆರಡು ಗಾಜಿಗೆ ಸಾಕಾಗುತ್ತೆ. ಕೂಲಿ ಹೋಗುತ್ತೆ ಅನ್ನೋ ಭಯ ಇದ್ರೆ ಹುಡುಗ ಗೀರು ಬಿದ್ದಿದ್ದನ್ನ ಮುಚ್ಚಿಡ್ತಾನೆ, ನಿಮಗೆ ಗೊತ್ತಾಗೋದು ಮನೆಯವರು ಗೂಗಲಲ್ಲಿ ಒಂದು ಸ್ಟಾರ್ ಕೊಟ್ಟ ಮೇಲೆ.

ಕೊನೆಯದು, ಶನಿವಾರ. ಇದು ಎಲ್ಲಕ್ಕಿಂತ ಕಷ್ಟದ್ದು. ಆರು ಜನ, ಆರು ದಿನ, 800 ರೂಪಾಯಿ ಅಂದ್ರೆ ವಾರಕ್ಕೆ 28,800. ಶನಿವಾರ ಸಂಜೆ ಹುಡುಗ್ರು ಕಾಯ್ತಾ ಇರ್ತಾರೆ, ಊರಿಗೆ ದುಡ್ಡು ಕಳಿಸಬೇಕು, ರೂಮ್ ಬಾಡಿಗೆ ಕೊಡಬೇಕು. ಆದರೆ ಆಫೀಸ್ ಕೆಲಸದ ದುಡ್ಡು ಬರೋದು 45 ದಿನಕ್ಕೆ. ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಆದ್ರೆ ಖಜಾಂಚಿ ಅಮೆರಿಕಕ್ಕೆ ಮಗಳ ಮನೆಗೆ ಹೋಗಿರ್ತಾರೆ. ಆ ಆರೂವರೆ ವಾರ ಕೂಲಿ ಎಲ್ಲಿಂದ ಕೊಡ್ತೀರಿ? ಒಂದು ಲಕ್ಷದ ಎಂಬತ್ತು ಸಾವಿರ ದಾಟುತ್ತೆ. ದೊಡ್ಡ ಆಫೀಸ್ ಕಾಂಟ್ರಾಕ್ಟ್ ಸಿಕ್ತು ಅಂತ ಪಾರ್ಟಿ ಮಾಡಿದವರು ಮೂರನೇ ಶನಿವಾರ ಫೋನ್ ಸ್ವಿಚ್ ಆಫ್ ಮಾಡೋದು ಇದಕ್ಕೇ.

ಭಾವ ಮಾಡೋದು ಹೀಗೆ. ಮನೆ ಕೆಲಸ ಆದ್ರೆ ಬುಕ್ಕಿಂಗ್ ದಿನ ಅರ್ಧ, ಹುಡುಗ್ರು ಏಣಿ ಮಡಚೋ ಮೊದಲು ಇನ್ನರ್ಧ, ಎರಡೂ ಯುಪಿಐ. ಆಫೀಸ್ ಕೆಲಸ ಒಟ್ಟು ಕೆಲಸದ ಮೂರನೇ ಒಂದು ಭಾಗ ದಾಟಬಾರದು. ಎರಡು ವಾರದ ಕೂಲಿ, ಅಂದ್ರೆ 57,600, ಬೇರೆ ಖಾತೆಯಲ್ಲಿ. ಆ ಖಾತೆಯ ಯುಪಿಐ ಅವರ ಫೋನಲ್ಲೇ ಇಲ್ಲ, ಅಕ್ಕನ ಫೋನಲ್ಲಿದೆ. (ಕೇಳೋಕೆ ಹೋಗಿ ನೋಡಿ, ಆಗ ಗೊತ್ತಾಗುತ್ತೆ ನಮ್ಮಕ್ಕ ಯಾರು ಅಂತ.) ಬಿಲ್ ಮೇಲೆ ಉದ್ಯಮ್ ನೋಂದಣಿ ಸಂಖ್ಯೆ ಹಾಕ್ತಾರೆ. ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮಕ್ಕೆ ಬರವಣಿಗೆಯ ಒಪ್ಪಂದ ಇದ್ರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ರೆ 15 ದಿನದೊಳಗೆ ದುಡ್ಡು ಕೊಡಬೇಕು. ತಡ ಮಾಡಿದ ಕಂಪನಿಗೆ ಆ ಖರ್ಚನ್ನ ಅದೇ ವರ್ಷ ಆದಾಯ ತೆರಿಗೆ ಲೆಕ್ಕದಲ್ಲಿ ತೋರಿಸೋಕೆ ತೊಂದರೆ ಆಗುತ್ತೆ. ಅಕೌಂಟ್ಸ್ ವಿಭಾಗದವರಿಗೆ ಈ ನಿಯಮ ಚೆನ್ನಾಗಿ ಗೊತ್ತು. ಬಿಲ್ಲಲ್ಲಿ ಆ ಸಂಖ್ಯೆ ನೋಡಿದ್ರೆ ಫೈಲ್ ಸ್ವಲ್ಪ ಬೇಗ ಓಡುತ್ತೆ.

ಮಳೆ ಬಂದು ಕೆಲಸ ರದ್ದಾದ ದಿನ? ಬೆಳಿಗ್ಗೆ ಏಳಕ್ಕೆ ಮುಂಚೆ ಮೆಸೇಜ್ ಹಾಕಿದ್ರೆ ರಜೆ. ಗೋಡೌನಿಗೆ ಬಂದ ಮೇಲೆ ರದ್ದಾದ್ರೆ ಅರ್ಧ ಕೂಲಿ, ಆ ಹೊತ್ತಲ್ಲಿ ಬಟ್ಟೆ ಒಗೆಯೋದು, ವೈಪರ್ ರಬ್ಬರ್ ಬದಲಾಯಿಸೋದು, ಏಣಿ ನಟ್ಟು ಬಿಗಿ ಮಾಡೋದು.

ವಾಯ್ಸ್ ನೋಟ್ ಕಳಿಸಿದ ಸ್ನೇಹಿತರೇ, ನಿಮ್ಮ ಹಾಜರಿ ಪುಸ್ತಕದ ಮೊದಲ ಕಾಲಂ ಗೋಡೌನ್ ತಲುಪಿದ ಸಮಯ ಇರಲಿ, ಮನೆ ತಲುಪಿದ ಸಮಯ ಅಲ್ಲ. ಒಂದು ತಿಂಗಳು ಬರೆದು ನನಗೆ ಕಳಿಸಿ, ಗಂಟೆಗೆ ಎಷ್ಟು ಬೀಳ್ತಿದೆ ಅಂತ ಕೂತು ನೋಡೋಣ. ಮುಂದಿನ ವಾರ ಸಿಗೋಣ.