ಒಂದು ಕಪ್ ಕಾಫಿ, ಒಂದು ಲೋಟ ನೀರು
(ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



"ನಿಮ್ಮ ವಿದೇಶ ಪ್ರವಾಸದ ಅನುಭವ ಹೇಳಿ" ಎಂದು ನಮ್ಮ ಕಾರ್ಯದರ್ಶಿಯವರು ಫೋನ್ ಮಾಡಿದಾಗ, "ಅದು ಪ್ರವಾಸ ಅಲ್ಲ ಮಾರಾಯ್ತಿ, ಮೂರು ವರ್ಷದ ಸಂಸಾರ" ಎಂದೆ. ಅರಮನೆ, ಮ್ಯೂಸಿಯಂ ಎಲ್ಲ ನಿಮಗೆ ಯೂಟ್ಯೂಬಿನಲ್ಲಿ ನನ್ನ ಮಾತಿಗಿಂತ ಚೆನ್ನಾಗಿ ಕಾಣಸಿಗುತ್ತವೆ. ನಾನು ಹೇಳುವುದು ಅಲ್ಲಿ ನಾನು ಎಲ್ಲೆಲ್ಲಿ ಕೂತೆ ಎನ್ನುವುದನ್ನು.

2014ರಲ್ಲಿ ನಮ್ಮವರಿಗೆ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾಕ್ಕೆ ಡೆಪ್ಯುಟೇಶನ್ ಬಂತು. ಮಗ ಆಗಲೇ ಪುಣೆಯ ಹಾಸ್ಟೆಲ್ ಸೇರಿದ್ದ. ಹತ್ತೊಂಬತ್ತು ವರ್ಷ ಮುಲುಂಡಿನಿಂದ ಫಾಸ್ಟ್ ಲೋಕಲ್ ಹಿಡಿದು ಬ್ಯಾಂಕಿಗೆ ಹೋಗುತ್ತಿದ್ದವಳು ರಾಜೀನಾಮೆ ಕೊಟ್ಟು ಹೊರಟೆ. ಅಲ್ಲಿ ಹೋದ ವಾರವೇ ಒಂದು ಫಾರ್ಮ್ ತುಂಬಬೇಕಾಯಿತು. "ಉದ್ಯೋಗ" ಎಂಬ ಕಾಲಮ್ಮಿನ ಮುಂದೆ ಪೆನ್ನು ನಿಂತಿತು. ಕೊನೆಗೆ ಒಂದು ಅಡ್ಡಗೆರೆ ಎಳೆದೆ. ಆ ಅಡ್ಡಗೆರೆ ಬಹಳ ದಿನ ಕಣ್ಣಮುಂದೆ ಇತ್ತು.

ಮೊದಲ ನಾಲ್ಕು ತಿಂಗಳು ನಾನು ಅತ್ತದ್ದೇ ಹೆಚ್ಚು. ಅಲ್ಲಿ ಭಾನುವಾರ ಅಂಗಡಿಗಳೆಲ್ಲ ಬಂದ್. ಮೊದಲ ಶನಿವಾರ ಗೊತ್ತಿಲ್ಲದೆ ಏನೂ ತರದೆ, ಮರುದಿನ ಬರೀ ಅನ್ನ, ಉಪ್ಪಿನಕಾಯಿ ಉಂಡೆವು. ಇನ್ನೊಂದು ದಿನ ರಾತ್ರಿ ಹತ್ತೂವರೆಗೆ ಇಡ್ಲಿಗೆ ಉದ್ದು ರುಬ್ಬಿದೆ. ನಮ್ಮ ಮಿಕ್ಸಿಯ ಸದ್ದು ನಿಮಗೆ ಗೊತ್ತಲ್ಲ! ಬೆಳಿಗ್ಗೆ ಬಾಗಿಲಿಗೆ ಒಂದು ಚೀಟಿ ಅಂಟಿತ್ತು. ಜರ್ಮನ್ ಬರುತ್ತಿರಲಿಲ್ಲ, ಆದರೆ ಅಷ್ಟುದ್ದದ ಆಶ್ಚರ್ಯಸೂಚಕ ಚಿಹ್ನೆಗೆ ಭಾಷೆ ಬೇಕೆ? ರಾತ್ರಿ ಹತ್ತರ ನಂತರ ಗದ್ದಲ ಮಾಡಬಾರದಂತೆ. ಚೀಟಿ ಬರೆದವರು ಕೆಳಗಿನ ಮನೆಯ ಅಜ್ಜಿ. ಎಂಬತ್ತರ ಹತ್ತಿರದವರು. ಅವರ ಮಾತು ಮುಂದೆ ಬರುತ್ತದೆ.

ನಮ್ಮವರು ಒಂದು ದಿನ ನನ್ನ ಕೈಯಲ್ಲಿ ವರ್ಷದ ಪಾಸ್ ಇಟ್ಟರು. ಮೆಟ್ರೋ, ಟ್ರಾಮ್, ಬಸ್ಸು ಎಲ್ಲಕ್ಕೂ ಒಂದೇ ಪಾಸ್, ಆಗ ಅದಕ್ಕೆ 365 ಯೂರೋ. ದಿನಕ್ಕೆ ಒಂದು ಯೂರೋ. ನಾನು ಬ್ಯಾಂಕಿನವಳಲ್ಲವೆ, ಮನೆಯಲ್ಲಿ ಕೂತರೆ ದಿನಕ್ಕೆ ಒಂದು ಯೂರೋ ನಷ್ಟ ಎಂದು ಲೆಕ್ಕ ಹಾಕಿ ಹೊರಬಿದ್ದೆ. ಮೆಟ್ರೋ ಸ್ಟೇಷನ್ನಿನಲ್ಲಿ ಗೇಟೇ ಇಲ್ಲ! ಟಿಕೆಟ್ ಇದೆಯೆಂದು ನಂಬಿ ಒಳಗೆ ಬಿಡುತ್ತಾರೆ, ಅಪರೂಪಕ್ಕೊಮ್ಮೆ ತಪಾಸಣೆಯವರು ಬರುತ್ತಾರೆ. ನಮ್ಮ ಲೋಕಲ್‌ನಲ್ಲೂ ಹಾಗೆಯೇ ತಾನೆ, ಆದರೆ ಇಲ್ಲಿ ನೂಕಿ ಒಳಗೆ ಹಾಕುತ್ತಾರೆ.

ಮೊದಲು ಹೋದದ್ದು ದನೂಬ್ ನದಿಯ ದ್ವೀಪಕ್ಕೆ. ಇದು ದೇವರು ಮಾಡಿದ ದ್ವೀಪವಲ್ಲ. ಪ್ರವಾಹದ ಕಾಟ ತಪ್ಪಿಸಲು ನದಿಯ ಪಕ್ಕಕ್ಕೆ ಇನ್ನೊಂದು ಕಾಲುವೆ ತೋಡಿದರು. ತೋಡಿದ ಮಣ್ಣನ್ನು ನಡುವೆ ಹಾಕಿದರು. 1972ರಲ್ಲಿ ಶುರುವಾದ ಕೆಲಸ 1988ರ ತನಕ ನಡೆಯಿತು. ಈಗ ಅದು 21 ಕಿಲೋಮೀಟರ್ ಉದ್ದದ ಮರಗಿಡಗಳ ಪಟ್ಟಿ. ಮೆಟ್ರೋ ಅಲ್ಲೇ ನಿಲ್ಲುತ್ತದೆ, ಪ್ರವೇಶಕ್ಕೆ ದುಡ್ಡಿಲ್ಲ. ಬೇಸಿಗೆಯಲ್ಲಿ ಮುದುಕಿಯರೂ ಈಜುಡುಗೆ ತೊಟ್ಟು ನೀರಿಗಿಳಿಯುತ್ತಾರೆ. ಹೊನ್ನಾವರದಲ್ಲಿ ಶರಾವತಿ ದಡದಲ್ಲಿ ಬೆಳೆದರೂ ನನಗೆ ಈಜು ಕಲಿಸಿರಲಿಲ್ಲ, ಅಣ್ಣಂದಿರಿಗೆ ಮಾತ್ರ. ಮೊದಲ ವರ್ಷ ದಡದಲ್ಲಿ ಕೂತೆ, ಎರಡನೆಯ ವರ್ಷ ಮೊಣಕಾಲಿನ ತನಕ ಇಳಿದೆ. ಅಲ್ಲಿಗೇ ನಿಂತಿದೆ ನೋಡಿ ನನ್ನ ಈಜು.

ಇನ್ನೊಂದು, ಅಪೆರಾ. ಅಲ್ಲಿಯ ಸರಕಾರಿ ಅಪೆರಾ ಮಂದಿರದಲ್ಲಿ ಸಾವಿರಗಟ್ಟಲೆ ರೂಪಾಯಿಯ ಸೀಟುಗಳ ಹಿಂದೆ ನಿಂತು ನೋಡುವವರಿಗೂ ಜಾಗವಿದೆ. ನಾನಿದ್ದಾಗ ಅದಕ್ಕೆ ಮೂರೋ ನಾಲ್ಕೋ ಯೂರೋ. ಸಾಲಿನಲ್ಲಿ ನಿಂತು ಒಳಗೆ ಹೋದ ಮೇಲೆ ನಿಮ್ಮ ಜಾಗದ ಕಂಬಿಗೆ ಒಂದು ಸ್ಕಾರ್ಫ್ ಕಟ್ಟಿ ಬಂದರೆ ಆಗುತ್ತಿತ್ತು, ಅದು ನಿಮ್ಮದೇ, ಯಾರೂ ಮುಟ್ಟುತ್ತಿರಲಿಲ್ಲ. ನಾನು ನನ್ನ ಇಳಕಲ್ ಬಟ್ಟೆಯ ದುಪಟ್ಟಾ ಕಟ್ಟಿದೆ. ಹಾಡು ಅರ್ಥವಾಗಲಿಲ್ಲ, ಆದರೆ ರಾಜ ಸಿಟ್ಟಾದದ್ದು, ರಾಣಿ ಮೋಸ ಹೋದದ್ದು ಎಲ್ಲ ತಿಳಿಯಿತು. ಬಯಲಾಟವನ್ನು ಬೆಳತನಕ ನಿಂತು ನೋಡಿದವಳಿಗೆ ಮೂರು ತಾಸು ಯಾವ ಲೆಕ್ಕ!

ಈಗ ಕಾಫಿಗೆ ಬರುತ್ತೇನೆ. ವಿಯೆನ್ನಾದ ಕಾಫಿ ಹೌಸುಗಳನ್ನು ಆ ದೇಶದವರು 2011ರಲ್ಲಿ ಯುನೆಸ್ಕೋಗಾಗಿ ಮಾಡಿದ ತಮ್ಮ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿದ್ದಾರೆ. ನಾನು ಮೊದಲು ಹೋದದ್ದು 1880ರಿಂದ ಇರುವ ಸ್ಪೆರ್ಲ್ ಎಂಬಲ್ಲಿಗೆ. ಬಾಗಿಲಲ್ಲಿ ಎರಡು ಸಲ ನಿಂತು ವಾಪಸು ಬಂದಿದ್ದೆ. ಒಬ್ಬಳೇ ಒಳಗೆ ಹೋಗಿ ಕೂರುವುದು ಹೇಗೆ? ನಲವತ್ತೈದು ವರ್ಷದಲ್ಲಿ ಒಬ್ಬಳೇ ಹೋಟೆಲಿನಲ್ಲಿ ಕೂತು ಕಾಫಿ ಕುಡಿದವಳಲ್ಲ ನಾನು. ಇಲ್ಲಿ ಕೂತಿರುವವರಲ್ಲಿ ಎಷ್ಟು ಮಂದಿ ಕುಡಿದಿದ್ದೀರಿ? ಕೈ ಎತ್ತುವುದು ಬೇಡ, ಮನಸ್ಸಿನಲ್ಲೇ ಲೆಕ್ಕ ಹಾಕಿ.

ಮೂರನೆಯ ಸಲ ಒಳಗೆ ಹೋದೆ. "ಮೆಲಾಂಜ್" ಎಂದೆ, ನೊರೆಹಾಲಿನ ಕಾಫಿ, ನಮ್ಮ ಫಿಲ್ಟರ್ ಕಾಫಿಯ ಮುಂದೆ ಸಪ್ಪೆ ಎಂದೇ ಹೇಳಬೇಕು. ಬೆಳ್ಳಿಬಣ್ಣದ ಪುಟ್ಟ ತಟ್ಟೆಯಲ್ಲಿ ಕಾಫಿ ಬಂತು, ಜತೆಗೆ ಒಂದು ಲೋಟ ನೀರು, ಲೋಟದ ಬಾಯಿಗೆ ಅಡ್ಡವಾಗಿ ಒಂದು ಚಮಚ. ಆ ನೀರು ನಲ್ಲಿಯದೇ. ಆಲ್ಪ್ಸ್ ಬೆಟ್ಟಗಳ ಒರತೆಯಿಂದ ಇಳಿಜಾರಿನಲ್ಲಿ ತಾನಾಗಿ ಹರಿದು ಬರುವಂತೆ 1873ರಲ್ಲೇ ಮಾಡಿಕೊಂಡ ವ್ಯವಸ್ಥೆ. ಮೂರು ವರ್ಷ ನಾನು ನೀರು ಕಾಯಿಸಲಿಲ್ಲ, ಸೋಸಲಿಲ್ಲ.

ಕಾಫಿ ಹತ್ತು ನಿಮಿಷದಲ್ಲಿ ಮುಗಿಯಿತು. ಬಿಲ್ ಬರುತ್ತದೆ ಎಂದು ಪರ್ಸ್ ತೆಗೆದಿಟ್ಟು ಕಾದೆ. ಬರಲಿಲ್ಲ. ನಾವು ಕೇಳುವ ತನಕ ತರುವುದಿಲ್ಲವಂತೆ! ಮಾಣಿ ಒಮ್ಮೆ ಬಂದ, ಖಾಲಿ ನೀರಿನ ಲೋಟ ಒಯ್ದು ತುಂಬಿದ್ದು ಇಟ್ಟು ಹೋದ. ಎರಡು ತಾಸು ಕೂತೆ. ಯಾರೂ ಏನೂ ಕೇಳಲಿಲ್ಲ. ಯಾರ ಊಟದ ಹೊತ್ತೂ ಆಗಿರಲಿಲ್ಲ. ಅವತ್ತು ಮನೆಗೆ ಬಂದು ಅಳಲಿಲ್ಲ.

ಹೀಗೆ ಹೋಗುತ್ತ ಹೋಗುತ್ತ ಒಂದು ದಿನ ಮೂಲೆಯ ಮೇಜಿನಲ್ಲಿ ಯಾರಿದ್ದರು ಹೇಳಿ? ಚೀಟಿ ಅಂಟಿಸಿದ ಅಜ್ಜಿ! ನಾನೇ "ಗ್ರೂಸ್ ಗಾಟ್" ಎಂದೆ. ಅಲ್ಲಿಯ ನಮಸ್ಕಾರ ಅದು, ಅದರಲ್ಲೂ ದೇವರಿದ್ದಾನೆ. ನನ್ನ ಹರಕು ಜರ್ಮನ್, ಅವರ ಹರಕು ಇಂಗ್ಲಿಷ್. ಗಂಡ ತೀರಿಹೋಗಿ ಒಂಬತ್ತು ವರ್ಷ ಆಯಿತಂತೆ. "ಮನೆಯಲ್ಲಿ ಒಬ್ಬಳೇ ಇದ್ದರೆ ಕೋಣೆ ದೊಡ್ಡದಾಗುತ್ತಾ ಹೋಗುತ್ತದೆ. ಇಲ್ಲಿ ಹಾಗಾಗುವುದಿಲ್ಲ" ಎಂದರು. ಆಮೇಲೆ ಸಂಜೆ ಏಳಕ್ಕೇ ರುಬ್ಬಿ, ಮರುದಿನ ಇಡ್ಲಿ ಅವರಿಗೂ ಕೊಡುತ್ತಿದ್ದೆ. ಜಾಮ್ ಹಚ್ಚಿಕೊಂಡು ತಿನ್ನುತ್ತಿದ್ದರು. ನಾನು ನೋಡದ ಹಾಗೆ ಇರುತ್ತಿದ್ದೆ.

ನನಗೆ ಪಾರ್ಕುಗಳ ಕತೆ ಹೇಳಿದ್ದೂ ಅವರೇ. 1990ರ ದಶಕದಲ್ಲಿ ಒಂದು ಅಧ್ಯಯನದಲ್ಲಿ, ಒಂಬತ್ತು ವರ್ಷ ದಾಟಿದ ಹುಡುಗಿಯರು ಪಾರ್ಕಿಗೆ ಬರುವುದು ಒಮ್ಮೆಲೇ ಕಡಿಮೆಯಾಗುತ್ತದೆ ಎಂದು ಕಂಡುಬಂತು. ಇದ್ದ ಜಾಗ ಹುಡುಗರ ಚೆಂಡಾಟಕ್ಕೇ ಹೋಗುತ್ತಿತ್ತು. ನಗರಾಡಳಿತ ಏನು ಮಾಡಿತು? "ಹುಡುಗಿಯರೇ, ಧೈರ್ಯ ಮಾಡಿ" ಎಂದು ಭಾಷಣ ಮಾಡಲಿಲ್ಲ. ಐನ್‌ಸೀಡ್ಲರ್ ಪಾರ್ಕಿನಂಥ ಕಡೆ ಮೈದಾನವನ್ನೇ ಬೇರೆ ಥರ ಮಾಡಿತು. ವಾಲಿಬಾಲ್, ಬ್ಯಾಡ್ಮಿಂಟನ್ ಆಡಲು ಜಾಗ, ಗುಂಪಾಗಿ ಕೂತು ಹರಟಲು ಜಾಗ. ಹುಡುಗಿಯರು ಮತ್ತೆ ಬಂದರು. ನಾನು ಹೋಗಿ ನೋಡಿದಾಗ ಮೂವರು ಹುಡುಗಿಯರು ಕಟ್ಟೆಯ ಮೇಲೆ ಕೂತು ಏನೂ ಮಾಡದೆ ನಗುತ್ತಿದ್ದರು.

2017ರಲ್ಲಿ ಮುಲುಂಡಿಗೆ ವಾಪಸು ಬಂದೆ. ಬಂದ ತಿಂಗಳು ಮಾಟುಂಗಾದ ಒಂದು ಹೋಟೆಲಿಗೆ ಒಬ್ಬಳೇ ಹೋದೆ. ಕಾಫಿ ಸೊಗಸಾಗಿತ್ತು, ವಿಯೆನ್ನಾದ್ದು ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ನಾನು ಕುಡಿಯುತ್ತಿದ್ದಾಗಲೇ ನನ್ನ ಕುರ್ಚಿಯ ಬೆನ್ನು ಹಿಡಿದು ಒಂದು ಸಂಸಾರ ನಿಂತಿತ್ತು. ಅವರ ತಪ್ಪಲ್ಲ, ಜಾಗ ಎಲ್ಲಿದೆ ಹೇಳಿ?

ಅದಕ್ಕೇ ಅಧ್ಯಕ್ಷರೇ, ಸಮಿತಿಯವರೇ, ಒಂದು ವಿನಂತಿ. ನಮ್ಮ ಸಂಘದ ವಾಚನಾಲಯದ ಕೋಣೆ ಗುರುವಾರ ಮಧ್ಯಾಹ್ನ ಬೀಗ ಹಾಕಿಯೇ ಇರುತ್ತದೆ. ಎರಡರಿಂದ ಐದರ ತನಕ ಅದನ್ನು ಹೆಂಗಸರಿಗೆ ಬಿಟ್ಟುಕೊಡಿ. ಕಾರ್ಯಕ್ರಮ ಬೇಡ, ಭಜನೆ ಬೇಡ, ರಂಗೋಲಿ ಸ್ಪರ್ಧೆ ಬೇಡ, ಅತಿಥಿಗಳಂತೂ ಬೇಡವೇ ಬೇಡ. ಬರುವವರು ಬಂದು ಕೂರಲಿ, ಓದಲಿ, ಸುಮ್ಮನಿರಲಿ. ಬೀಗದ ಕೈ ನಾನು ಇಟ್ಟುಕೊಳ್ಳುತ್ತೇನೆ. ಕಾಫಿ ಪುಡಿ, ಫಿಲ್ಟರ್ ನಮ್ಮ ಮನೆಯಿಂದ. ಹಾಲು ಮಾತ್ರ ಸಂಘದ ಖರ್ಚಿನಲ್ಲಿ ಬರಲಿ.