ಜರಡಿ ಯಾರ ಕೈಯಲ್ಲಿದೆ?

(ರೇಗನ್ಸ್‌ಬರ್ಗ್‌ನಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಪಠ್ಯಕ್ರಮ ಎಂದೊಡನೆ ಯಾವ ಪಾಠ ಬಂತು, ಯಾವುದು ಹೋಯಿತು ಎಂಬ ಜಗಳಕ್ಕೆ ನಾವು ಇಳಿಯುತ್ತೇವೆ. ಆ ಜಗಳ ಅಗತ್ಯವೇ. ಆದರೆ ಪಠ್ಯಕ್ರಮ ರಚನೆಯ ಹಿಂದಿರುವ ಸಿದ್ಧಾಂತವನ್ನು ನಾವು ಪ್ರಶ್ನಿಸುವುದು ಕಡಿಮೆ.

ಆ ಸಿದ್ಧಾಂತಕ್ಕೆ ಅಚ್ಚುಕಟ್ಟಾದ ರೂಪ ಕೊಟ್ಟವರು ಅಮೆರಿಕದ ರಾಲ್ಫ್ ಟೈಲರ್. 1949ರ ತಮ್ಮ ಪುಸ್ತಕದಲ್ಲಿ ಅವರು ನಾಲ್ಕು ಪ್ರಶ್ನೆಗಳನ್ನು ಮುಂದಿಟ್ಟರು: ಶಾಲೆಯ ಗುರಿಗಳೇನು? ಅದಕ್ಕೆ ಬೇಕಾದ ಕಲಿಕೆಯ ಅನುಭವಗಳು ಯಾವುವು? ಅವನ್ನು ಜೋಡಿಸುವುದು ಹೇಗೆ? ಗುರಿ ತಲುಪಿದ್ದನ್ನು ಅಳೆಯುವುದು ಹೇಗೆ? ಮಗು, ಸಮಾಜ, ವಿಷಯತಜ್ಞರು ಈ ಮೂರು ಮೂಲಗಳಿಂದ ಗುರಿಗಳನ್ನು ಪಡೆದು, ತತ್ತ್ವಜ್ಞಾನ ಮತ್ತು ಮನಶ್ಶಾಸ್ತ್ರದ ಜರಡಿಯಲ್ಲಿ ಸೋಸಬೇಕೆಂದರು. 1970ರಲ್ಲಿ ಹರ್ಬರ್ಟ್ ಕ್ಲೀಬಾರ್ಡ್ ಆಕ್ಷೇಪ ಎತ್ತಿದ್ದು ಇಲ್ಲಿಯೇ. ಯಾವ ಮೌಲ್ಯಗಳ ಜರಡಿ ಎಂಬುದನ್ನು ಹೇಳದ ಮೇಲೆ, ಅದರಿಂದ ಯಾರಿಗೆ ಬೇಕಾದದ್ದೂ ಹೊರಬರಬಹುದು.

ಕರ್ನಾಟಕ ಇದನ್ನು ಕಣ್ಣಾರೆ ಕಂಡಿದೆ. 2022ರಲ್ಲಿ ರೋಹಿತ್ ಚಕ್ರತೀರ್ಥ ನೇತೃತ್ವದ ಪರಿಷ್ಕರಣೆಯಲ್ಲಿ ಹೆಡಗೇವಾರರ ಭಾಷಣ ಹತ್ತನೆಯ ತರಗತಿಯ ಪಠ್ಯ ಸೇರಿತು. ತಮ್ಮ ಬರಹವನ್ನು ಬಳಸಲು ಕೊಟ್ಟಿದ್ದ ಅನುಮತಿಯನ್ನು ದೇವನೂರ ಮಹಾದೇವ ಹಿಂಪಡೆದರು. 2023ರಲ್ಲಿ ಹೊಸ ಸರ್ಕಾರ ಹೆಡಗೇವಾರ್, ಸಾವರ್ಕರ್ ಕುರಿತ ಪಾಠಗಳನ್ನು ಕೈಬಿಟ್ಟು ಸಾವಿತ್ರಿಬಾಯಿ ಫುಲೆಯವರ ಪಾಠವನ್ನು ಸೇರಿಸಿತು. ನಾವು ಸ್ವಾಗತಿಸಿದೆವು, ಸಕಾರಣವಾಗಿಯೇ. ಆದರೆ ಗೆದ್ದವರ ಕೈಗೆ ಜರಡಿ ಹೋಗುತ್ತದೆ ಎಂಬ ನಿಯಮ ಮಾತ್ರ ಹಾಗೆಯೇ ಉಳಿಯಿತು. ಮುಂದಿನ ಚುನಾವಣೆ ಆ ಪಾಠವನ್ನೂ ಅಳಿಸಬಲ್ಲದು.

ನಾವು ನೆಲೆಸಿರುವ ಈ ದೇಶ ಇನ್ನೊಂದು ದಾರಿ ಹುಡುಕಿತು. ರಾಜಕೀಯ ಶಿಕ್ಷಣದ ಕುರಿತು 1976ರಲ್ಲಿ ಬಾಯ್ಟೆಲ್ಸ್‌ಬಾಖ್‌ನಲ್ಲಿ ನಡೆದ ಸಭೆಯಿಂದ ಮೂಡಿದ ಒಮ್ಮತದ ತಿರುಳು ಸರಳ: ವಿದ್ಯಾರ್ಥಿಯ ಮೇಲೆ ಅಭಿಪ್ರಾಯ ಹೇರಬಾರದು, ಸಮಾಜದಲ್ಲಿ ವಿವಾದವಾಗಿರುವುದು ತರಗತಿಯಲ್ಲಿಯೂ ವಿವಾದವಾಗಿಯೇ ಕಾಣಬೇಕು, ವಿದ್ಯಾರ್ಥಿ ತನ್ನ ಹಿತವನ್ನು ತಾನೇ ವಿಶ್ಲೇಷಿಸುವಂತಾಗಬೇಕು. ಹಾಗೆಂದು ಇದನ್ನು ಸ್ವರ್ಗವೆನ್ನಲಾರೆ. ಇದೇ ಬವೇರಿಯಾದಲ್ಲಿ ನಾಲ್ಕನೆಯ ತರಗತಿಯ ಮಗು ಜರ್ಮನ್, ಗಣಿತ ಮತ್ತು ಪರಿಸರ ಪಾಠಗಳಲ್ಲಿ ಸರಾಸರಿ 2.33 ಅಥವಾ ಅದಕ್ಕಿಂತ ಉತ್ತಮ ಶ್ರೇಣಿ ಪಡೆದರೆ ಮಾತ್ರ ಗಿಮ್ನಾಸಿಯಂಗೆ ನೇರ ಅರ್ಹತೆ. ಹತ್ತು ವರ್ಷಕ್ಕೇ ಸಾಮರ್ಥ್ಯ ತಿಳಿದುಬಿಡುತ್ತದೆ ಎಂಬುದೂ ಒಂದು ಪೂರ್ವಗ್ರಹ. ಮನೆಯಲ್ಲಿ ಕನ್ನಡವನ್ನೋ ತುರ್ಕಿಯನ್ನೋ ಆಡುವ ಮಗುವಿನ ಬೆಲೆ ಇಲ್ಲಿ ಜರ್ಮನ್ ವ್ಯಾಕರಣದಿಂದ ನಿಗದಿಯಾಗುತ್ತದೆ.

ಜೋತಿಬಾ ಫುಲೆ 1882ರಲ್ಲಿಯೇ ಹಂಟರ್ ಆಯೋಗದ ಮುಂದೆ ಈ ಪ್ರಶ್ನೆಯನ್ನು ಇಟ್ಟಿದ್ದರು. ದುಡಿಯುವವರ ತೆರಿಗೆ ಮೇಲ್ವರ್ಗದ ಶಿಕ್ಷಣಕ್ಕೆ ವೆಚ್ಚವಾಗುತ್ತಿದೆ ಎಂದರು. ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಲಿ, ಅದರಲ್ಲಿ ಕೃಷಿಯ ತಿಳಿವಳಿಕೆಯೂ ಇರಲಿ, ರೈತ ಸಮುದಾಯಗಳಿಂದಲೂ ಶಿಕ್ಷಕರು ಬರಲಿ ಎಂದರು. ಏನನ್ನು ಕಲಿಸಬೇಕು ಎಂಬ ಪ್ರಶ್ನೆಯನ್ನು ಯಾರು ಕಲಿಸಬೇಕು, ಯಾರ ಹಣದಿಂದ ಎಂಬುದರಿಂದ ಅವರು ಬೇರ್ಪಡಿಸಲಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಒಳ್ಳೆಯ ಪಾಠಗಳಿಗಷ್ಟೇ ನಿಲ್ಲಬಾರದು. ಸರ್ಕಾರ ಬದಲಾದರೂ ಅಲುಗದ ಶಾಸನಬದ್ಧ ಸಮಿತಿ, ಅದರಲ್ಲಿ ಶಾಲಾ ಶಿಕ್ಷಕರಿಗೆ ಹಾಗೂ ದಲಿತ, ಆದಿವಾಸಿ, ಅಲ್ಪಸಂಖ್ಯಾತ ಸಮುದಾಯಗಳಿಗೆ ಸ್ಥಾನ, ಪ್ರತಿ ಬದಲಾವಣೆಗೂ ಬಹಿರಂಗ ಕಾರಣ ಇವನ್ನು ಕೇಳಬೇಕು. ನಮಗೆ ಪ್ರಿಯವಾದ ಸರ್ಕಾರವಿದ್ದಾಗಲೇ ಕೇಳಬೇಕು. ಭಾನುವಾರದ ಕನ್ನಡ ತರಗತಿ ನಡೆಸುವ ನಮಗೂ ಇದೇ ಮಾತು ಅನ್ವಯಿಸುತ್ತದೆ: ನಾವು ಮಕ್ಕಳಿಗೆ ಕಲಿಸುತ್ತಿರುವುದು ಯಾರ ಕನ್ನಡ, ಯಾರ ಹಬ್ಬ, ಯಾರ ಊಟ?