ಸರಳ ಇತಿಹಾಸವನ್ನು ಎಷ್ಟು ನಂಬಬಹುದು?



ನಮ್ಮಲ್ಲಿ ಹೆಚ್ಚಿನವರ ಮನೆಗಳಲ್ಲಿ ದಪ್ಪ ಇತಿಹಾಸ ಗ್ರಂಥಗಳಿಲ್ಲ. ಇರುವುದು ಮಕ್ಕಳ ಪಠ್ಯಪುಸ್ತಕ ಮತ್ತು ಸಮ್ಮೇಳನದ ಮಳಿಗೆಯಲ್ಲಿ ಕೊಂಡ ಕಿರುಹೊತ್ತಗೆ. ಗತಕಾಲದ ಬಗ್ಗೆ ನಮ್ಮ ಹೆಮ್ಮೆ, ಸಿಟ್ಟು ಎರಡೂ ಅಲ್ಲಿಂದಲೇ ಹುಟ್ಟುತ್ತವೆ. ಆದ್ದರಿಂದ ಅವುಗಳ ವಿಶ್ವಾಸಾರ್ಹತೆಯು ಕೇವಲ ವಿದ್ವಾಂಸರ ಚರ್ಚೆಯ ವಿಷಯವಲ್ಲ.

ಮುಂದೆ ಒಡಿಶಾದ ರಾಜ್ಯಪಾಲರಾದ ಇತಿಹಾಸಕಾರ ಬಿ.ಎನ್. ಪಾಂಡೆಯವರು ತಮ್ಮ ಅನುಭವವೊಂದನ್ನು ಹೇಳಿಕೊಂಡಿದ್ದಾರೆ. 1928ರಲ್ಲಿ ಅಲಹಾಬಾದಿನಲ್ಲಿ ಅವರು ಕಂಡ ಪಠ್ಯಪುಸ್ತಕವೊಂದರಲ್ಲಿ, ಟಿಪ್ಪು ಸುಲ್ತಾನರು ಬಲವಂತವಾಗಿ ಮತಾಂತರಿಸಲು ಹೊರಟಾಗ 3000 ಬ್ರಾಹ್ಮಣರು ಆತ್ಮಹತ್ಯೆ ಮಾಡಿಕೊಂಡರು ಎಂದಿತ್ತು. ಪಾಂಡೆಯವರು ಲೇಖಕರಿಗೆ ಪತ್ರ ಬರೆದು ಆಧಾರ ಕೇಳಿದರು. ಹಲವು ಬಾರಿ ನೆನಪಿಸಿದ ಬಳಿಕ ಬಂದ ಉತ್ತರ: ಮೈಸೂರು ಗೆಜೆಟಿಯರ್. ಮೈಸೂರಿಗೆ ಬರೆದು ವಿಚಾರಿಸಿದಾಗ, ಗೆಜೆಟಿಯರಿನಲ್ಲಿ ಅಂತಹ ಪ್ರಸ್ತಾಪವೇ ಇಲ್ಲವೆಂದು ತಿಳಿದುಬಂತು.

ನಾನು ಇಲ್ಲಿಗೇ ನಿಲ್ಲಿಸಿದರೆ ತಾವು ಚಪ್ಪಾಳೆ ತಟ್ಟಿಯೀರಿ. ಆದರೆ ನಮ್ಮವರೇ ಬರೆದ ಹೊತ್ತಗೆಗಳನ್ನೂ ಒಮ್ಮೆ ತೆರೆಯೋಣ. 1791ರಲ್ಲಿ ಮರಾಠಾ ಸೇನೆಯ ಕಡೆಯವರು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಟಿಪ್ಪು ನೆರವಿತ್ತ ಸಂಗತಿ ಅಲ್ಲಿ ತಪ್ಪದೆ ಇರುತ್ತದೆ. ಅದು ಸತ್ಯ. 1916ರಲ್ಲಿ ಮಠದಲ್ಲಿ ದೊರೆತ ಪತ್ರಗಳೇ ಅದಕ್ಕೆ ಸಾಕ್ಷಿ. ಆದರೆ ಅದೇ ಸುಲ್ತಾನರು ಕೊಡವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ ಪ್ರಸಂಗವನ್ನು ಎಷ್ಟು ಹೊತ್ತಗೆಗಳು ಹೇಳುತ್ತವೆ? ಸೆರೆಯಾದವರ ಸಂಖ್ಯೆ ಒಂದೊಂದು ದಾಖಲೆಯಲ್ಲಿ ಒಂದೊಂದು ಬಗೆಯಾಗಿದೆ, ನಿಜ. ಅದನ್ನು ಚರ್ಚಿಸೋಣ. ಆದರೆ ಘಟನೆಯನ್ನೇ ಮುಚ್ಚಿಡುವುದು ನ್ಯಾಯವಲ್ಲ. ಇಲ್ಲದ್ದನ್ನು ಸೇರಿಸುವುದು ಸುಳ್ಳಾದರೆ, ಇದ್ದದ್ದನ್ನು ಬಿಡುವುದೂ ಓದುಗನನ್ನು ವಂಚಿಸಿದಂತೆಯೇ.

ಹಾಗೆಂದು ಸರಳ ಪುಸ್ತಕಗಳನ್ನು ಎಸೆಯಬೇಕಾಗಿಲ್ಲ. ಸರಳತೆ ದೋಷವಲ್ಲ. ಅವು ಇಲ್ಲದಿದ್ದರೆ ನಮ್ಮಂಥವರಿಗೆ ಇತಿಹಾಸದ ಬಾಗಿಲೇ ತೆರೆಯುತ್ತಿರಲಿಲ್ಲ. ಮದ್ರಸಾದಲ್ಲಿ ಹದೀಸ್ ಓದುವಾಗ ನಾವು ಮೊದಲು ಕಲಿತದ್ದು ಸನದು ಕೇಳುವುದನ್ನು: ಇದನ್ನು ಹೇಳಿದವರು ಯಾರು? ಅವರು ಯಾರಿಂದ ಕೇಳಿದರು? ಪ್ರವಾದಿಯವರ(ಸ) ಹೆಸರಿನಲ್ಲಿ ಬಂದ ಮಾತಿಗೇ ಸನದು ಕೇಳುವ ಸಮುದಾಯ, ರಾಜರ ಕಥೆಗಳನ್ನು ಸನದಿಲ್ಲದೆ ನಂಬುವುದು ವಿಪರ್ಯಾಸವಲ್ಲವೇ?

ತಮ್ಮ ಮಗು ಪುಸ್ತಕ ಹಿಡಿದು, "ಇದು ನಿಜವೇ?" ಎಂದು ಕೇಳಿದರೆ ಹೌದು, ಅಲ್ಲ ಎಂದು ಆತುರಪಡಬೇಡಿ. ಆಧಾರ ಎಲ್ಲಿದೆ, ಬಿಟ್ಟುಹೋದದ್ದೇನು ಎಂದು ಅದರ ಜೊತೆ ಕುಳಿತು ಹುಡುಕಿ. ನಮಗೆ ಹಿತವೆನಿಸುವ ಪುಟದಲ್ಲಿ ಇನ್ನೂ ಹೆಚ್ಚು ಶ್ರದ್ಧೆಯಿಂದ ಹುಡುಕಿ. ಏಕೆಂದರೆ ನಾವು ಮೋಸಹೋಗುವುದು ಹೆಚ್ಚಾಗಿ ಅಲ್ಲಿಯೇ.